9 ವರ್ಷದ ಮಗುವಿಗೆ ಮೊದಲ ಗಿಟಾರ್: ಯಾವ ಸೈಜ್, ಯಾವ ತಂತಿ? ಮಲೆನಾಡಿನ ಮಳೆಗಾಲದಲ್ಲಿ ಉಳಿಸಿಕೊಳ್ಳೋದು ಹೇಗೆ?

ಮಲ್ಲಂದೂರು_ರಸ್ತೆ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಮಗಳಿಗೆ 9 ವರ್ಷ, ಎತ್ತರ 4 ಅಡಿ 3 ಇಂಚು. ಕರ್ನಾಟಕ ಸಂಗೀತ ಹಾಡಲು ಕಲಿಯುತ್ತಿದ್ದಾಳೆ, ಐದು ಮನೆ ಶ್ರುತಿ (ಹಾರ್ಮೋನಿಯಂನ ಐದನೇ ಬಿಳಿ ಮನೆ, ಜಿ). ಈಗ ಗಿಟಾರ್ ಬೇಕು ಅಂತಿದ್ದಾಳೆ. ಸಂಬಂಧಿಕರ ಮನೆಯಲ್ಲಿ ದೊಡ್ಡವರು ನುಡಿಸೋ ಸ್ಟೀಲ್ ತಂತಿಯ ಅಕೂಸ್ಟಿಕ್ ಒಂದಿದೆ, ಕೊಡ್ತೀವಿ ಅಂತಿದ್ದಾರೆ. ಅದನ್ನೇ ತಗೊಳ್ಳೋದಾ, ಹೊಸದು ಕೊಳ್ಳೋದಾ? ಹೊಸದಾದರೆ 10 ಸಾವಿರದವರೆಗೆ ಹಾಕಬಹುದು. ಮನೆ ತೋಟದಲ್ಲಿದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ ಇರುತ್ತೆ. ಅದಕ್ಕೆ ಏನು ಮಾಡಬೇಕು ಅನ್ನೋದನ್ನೂ ತಿಳಿಸಿ.

ಅರಸೀಕೆರೆ_ಜಂಕ್ಷನ್ (ಅರಸೀಕೆರೆ)

ಸರ್, ಮಕ್ಕಳು ಬೆಳೀತಾ ಇರ್ತಾರೆ. ಸ್ಕೂಲ್ ಯೂನಿಫಾರಂ ಒಂದು ಸೈಜ್ ದೊಡ್ಡದು ಹೊಲಿಸಿದ ಹಾಗೆ ಫುಲ್ ಸೈಜೇ ತಗೊಂಡುಬಿಡಿ. ಎರಡೆರಡು ಸಲ ದುಡ್ಡು ಹಾಕೋದು ತಪ್ಪುತ್ತೆ. ಪುಕ್ಕಟೆ ಸಿಗ್ತಿರೋದನ್ನ ಯಾಕೆ ಬಿಡ್ತೀರಿ?

ಆರು_ತಂತಿ (ಹಾಸನ, ಗಿಟಾರ್ ಶಿಕ್ಷಕ)

ಅಣ್ಣಾ, ಯೂನಿಫಾರಂ ದೊಡ್ಡದಾದರೆ ತೋಳು ಮಡಚಬಹುದು, ಗಿಟಾರಿನ ನೆಕ್ (ಉದ್ದನೆಯ ಕತ್ತು) ಮಡಚೋಕೆ ಬರಲ್ಲ. ಲೆಕ್ಕ ಹಾಕಿ ನೋಡೋಣ.

ನಟ್‌ನಿಂದ (ತಲೆಯ ಕಡೆ ತಂತಿ ಕೂರೋ ಕಚ್ಚಿನ ಪಟ್ಟಿ) ಸ್ಯಾಡಲ್‌ವರೆಗೆ (ಬಾಡಿಗೆ ಅಂಟಿಸಿದ ಬ್ರಿಡ್ಜ್ ಮೇಲೆ ತಂತಿ ಕೂರೋ ಪಟ್ಟಿ) ತಂತಿ ಕಂಪಿಸೋ ಉದ್ದಕ್ಕೆ ಸ್ಕೇಲ್ ಅಂತೀವಿ. ಫುಲ್ ಸೈಜ್ ಕ್ಲಾಸಿಕಲ್ ಗಿಟಾರಿಗೆ ಅದು 650 ಮಿ.ಮೀ. ಯಮಹಾ ಎಫ್310 ಥರದ ಸ್ಟೀಲ್ ತಂತಿಯ ಗಿಟಾರಿಗೆ 634. ಮುಕ್ಕಾಲು ಸೈಜಿನ ಯಮಹಾ ಸಿಎಸ್40ಗೆ 580. ಅದೇ ಕಂಪನಿಯ ಸಣ್ಣ ಸ್ಟೀಲ್ ತಂತಿಯ ಜೆಆರ್2ಗೆ 540.

ಶುರುವಿನ ಪಾಠಗಳೆಲ್ಲ ಮೊದಲ ನಾಲ್ಕು ಫ್ರೆಟ್‌ಗಳಲ್ಲೇ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ನಡೆಯೋದು. ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗಿನ ಅಂತರ 650 ಸ್ಕೇಲಲ್ಲಿ 134 ಮಿ.ಮೀ., 634ರಲ್ಲಿ 131, 580ರಲ್ಲಿ 120, 540ರಲ್ಲಿ 111. ಒಂದೂವರೆ ಸೆಂಟಿಮೀಟರ್ ಅಷ್ಟೇ ತಾನೆ ಅನ್ನಿಸಬಹುದು. ಆದರೆ 9 ವರ್ಷದ ಮಗುವಿನ ಕಿರುಬೆರಳಿಗೆ ಆ ಒಂದೂವರೆ ಸೆಂಟಿಮೀಟರೇ ಎಲ್ಲ. ಬೆರಳು ಎಟುಕದಿದ್ದರೆ ಮಗು ಮಣಿಕಟ್ಟು ತಿರುಚುತ್ತೆ, ಹೆಬ್ಬೆರಳನ್ನು ನೆಕ್ ಮೇಲೆ ಹತ್ತಿಸಿ ಅಂಗೈಯಿಂದ ಹಿಡಿದುಕೊಳ್ಳುತ್ತೆ. ಆ ಹಿಡಿತ ಒಮ್ಮೆ ಕೂತರೆ ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ.

ಇನ್ನು ಬಲಗೈ. ಡ್ರೆಡ್‌ನಾಟ್ ಅನ್ನೋ ದೊಡ್ಡ ಆಕಾರದ ಬಾಡಿಯ ಆಳ ನಾಲ್ಕು ಇಂಚಿಗೂ ಹೆಚ್ಚು. ಅದರ ಮೇಲಿಂದ ತೋಳು ಹಾಕಿದರೆ ಮಗುವಿನ ಭುಜ ಕಿವಿಯ ಹತ್ತಿರಕ್ಕೆ ಬರುತ್ತೆ. ಹತ್ತು ನಿಮಿಷಕ್ಕೆ ನೋವು, ಹದಿನೈದನೇ ನಿಮಿಷಕ್ಕೆ ಗಿಟಾರ್ ಮೂಲೆಗೆ.

ಎತ್ತರ ನೋಡಿ ಸೈಜ್ ಆರಿಸೋದಾದರೆ ಅಂದಾಜು ಹೀಗೆ: 110ರಿಂದ 125 ಸೆಂ.ಮೀ. ಇದ್ದರೆ ಅರ್ಧ ಸೈಜ್, 125ರಿಂದ 145ಕ್ಕೆ ಮುಕ್ಕಾಲು, ಅದಕ್ಕಿಂತ ಮೇಲೆ ಫುಲ್. ನಿಮ್ಮ ಮಗಳು ಸುಮಾರು 130 ಸೆಂ.ಮೀ. ಆಯಿತು. ಮುಕ್ಕಾಲು ಸೈಜ್ ಸರಿಹೋಗುತ್ತೆ, ಮೂರು ವರ್ಷವಾದರೂ ಬರುತ್ತೆ. ಚೆನ್ನಾಗಿಟ್ಟ ಮುಕ್ಕಾಲು ಸೈಜಿಗೆ ಆಮೇಲೆ ಗಿರಾಕಿ ಸಿಗೋದೂ ಕಷ್ಟವಿಲ್ಲ.

ಆದರೂ ಅಂಗಡಿಯಲ್ಲಿ ಕೂರಿಸಿ ನೋಡದೆ ದುಡ್ಡು ಕೊಡಬೇಡಿ. ಕೈಯಿಲ್ಲದ ಕುರ್ಚಿ ಇರಲಿ, ಪಾದ ಪೂರ್ತಿ ನೆಲಕ್ಕೆ ತಾಗಲಿ. ಎಡಗೈ ಮೊದಲ ಫ್ರೆಟ್‌ಗೆ ಹೋದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಕೈ ನೇರ ಕೋಲಿನ ಹಾಗೆ ಚಾಚಿಕೊಂಡರೆ ಗಿಟಾರ್ ದೊಡ್ಡದಾಯಿತು. ಮೂರನೇ ತಂತಿಯ ಮೇಲೆ (ಸಣ್ಣ ತಂತಿಯಿಂದ ಎಣಿಸಿ) 1, 2, 3, 4ನೇ ಫ್ರೆಟ್‌ಗೆ ಒಂದೊಂದು ಬೆರಳು ಇಡಿಸಿ. ನಾಲ್ಕೂ ಕೂತಾಗ ಮಣಿಕಟ್ಟು ತಿರುಗದೇ ಇದ್ದರೆ ಅದು ಅವಳ ಸೈಜು.

ಹೇಮೆ_ಹೊಳೆ (ಸಕಲೇಶಪುರ)

ಆರು ತಂತಿ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮನೆಯಲ್ಲಿ ಈಗಾಗಲೇ ಫುಲ್ ಸೈಜ್ ನೈಲಾನ್ ಗಿಟಾರ್ ಇರೋರು ಕೂಡಲೇ ಸಣ್ಣದು ಕೊಳ್ಳಲೇಬೇಕು ಅಂತೇನಿಲ್ಲ. ಎರಡನೇ ಫ್ರೆಟ್‌ಗೆ ಕ್ಯಾಪೊ (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್) ಹಾಕಿ. 650 ಇದ್ದ ಸ್ಕೇಲ್ 579 ಆಗುತ್ತೆ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಸೈಜ್. ಶ್ರುತಿ ಒಂದು ಪೂರ್ಣ ಸ್ವರ ಮೇಲೆ ಹೋಗುತ್ತೆ. ಮಗು ಒಂದೇ ನುಡಿಸುವಾಗ ತೊಂದರೆಯಿಲ್ಲ, ಬೇರೆಯವರ ಜೊತೆ ನುಡಿಸುವಾಗ ಮಾತ್ರ ಆರೂ ತಂತಿ ಒಂದು ಸ್ವರ ಇಳಿಸಿಕೊಳ್ಳಿ. ನೆಕ್ಕಿನ ಅಗಲ 52 ಮಿ.ಮೀ., ಬಾಡಿಯ ಆಳ ಇವೆರಡು ಕಡಿಮೆಯಾಗಲ್ಲ, ಹಾಗಾಗಿ ಇದು ಆಸೆ ನಿಲ್ಲುತ್ತೋ ಇಲ್ಲವೋ ನೋಡೋ ಮೂರು ತಿಂಗಳಿಗೆ ಸಾಕು.

ಮಲ್ಲಂದೂರು_ರಸ್ತೆ

ಎಷ್ಟು ವಿವರ ಕೊಟ್ಟಿದ್ದೀರಿ, ಧನ್ಯವಾದ. ಕೊಡ್ತೀವಿ ಅಂದಿರೋದು ಸ್ಟೀಲ್ ತಂತಿದು. ಅದಕ್ಕೇ ನೈಲಾನ್ ಹಾಕಿಸಿ ಕ್ಯಾಪೊ ಹಾಕಿದರೆ ಆಗಲ್ವಾ?

ಬೀಟೆ_ಮರ (ಸಕಲೇಶಪುರ, ವಾದ್ಯ ರಿಪೇರಿ)

ಆಗಲ್ಲ ಸರ್. ಉಲ್ಟಾ ಮಾಡೋದಂತೂ ಬೇಡವೇ ಬೇಡ. ಕಾರಣ ಎಳೆತ.

12ರಿಂದ 53ರ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಲೈಟ್ ಸ್ಟೀಲ್ ಸೆಟ್ ಶ್ರುತಿಗೆ ಬಂದಾಗ ಆರೂ ತಂತಿ ಸೇರಿ ಬ್ರಿಡ್ಜ್ ಮೇಲೆ 73 ಕೆ.ಜಿ. ಆಸುಪಾಸು ಎಳೆಯುತ್ತವೆ. 10ರಿಂದ 47ರ ಎಕ್ಸ್‌ಟ್ರಾ ಲೈಟ್ ಆದರೆ 57 ಕೆ.ಜಿ. ಹತ್ತಿರ. ನೈಲಾನ್ ಸೆಟ್ ಬರೀ 39, 40. ಕ್ಲಾಸಿಕಲ್ ಗಿಟಾರಿನ ಮುಂಭಾಗದ ಹಲಗೆ, ಅದರ ಒಳಗಿನ ಪಟ್ಟಿಗಳು ಆ ನಲವತ್ತಕ್ಕೆ ಅಂತ ತೆಳುವಾಗಿ ಮಾಡಿರೋದು. ಸಾಮಾನ್ಯವಾಗಿ ನೆಕ್ ಒಳಗೆ ಟ್ರಸ್ ರಾಡ್ (ನೆಕ್ ಬಾಗದ ಹಾಗೆ ತಡೆಯೋ ಲೋಹದ ಸರಳು) ಕೂಡ ಇರಲ್ಲ. ಅದಕ್ಕೆ ಸ್ಟೀಲ್ ಹಾಕಿದರೆ ಮೊದಲು ಹೊಟ್ಟೆ ಉಬ್ಬುತ್ತೆ, ಆಮೇಲೆ ಬ್ರಿಡ್ಜ್ ಕಿತ್ತುಕೊಂಡು ಬರುತ್ತೆ. ಅಂಗಡಿಯಲ್ಲಿ "ಸ್ಟೀಲ್ ಹಾಕಿ, ಸೌಂಡ್ ಜೋರಾಗಿ ಬರುತ್ತೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಸ್ಟೀಲ್ ಗಿಟಾರಿಗೆ ನೈಲಾನ್ ಹಾಕಿದರೆ ಮುರಿಯಲ್ಲ, ಆದರೆ ನುಡಿಯಲ್ಲ. ದಪ್ಪ ಹಲಗೆಯನ್ನು ಅಲುಗಿಸೋ ಶಕ್ತಿ ಆ ತಂತಿಗಿಲ್ಲ. ನಟ್‌ನ ಕಚ್ಚುಗಳು 0.3 ಮಿ.ಮೀ. ತಂತಿಗೆ ಕೊರೆದಿರೋದು, ನೈಲಾನಿನ ಮೊದಲ ತಂತಿ 0.7 ಮಿ.ಮೀ., ಒಳಗೆ ಕೂರದೆ ಮೇಲೆ ನಿಲ್ಲುತ್ತೆ.

ಮಗುವಿನ ಬೆರಳಿನ ಕಡೆಯಿಂದಲೂ ಇದೇ ಅಂಕಿಗಳು ಮಾತಾಡುತ್ತವೆ. 0.3 ಮಿ.ಮೀ. ಉಕ್ಕಿನ ತಂತಿ, ಅದೂ ಬಿಗಿಯಾಗಿರೋದು, ಬೆರಳ ತುದಿಗೆ ಕೊರೆಯುತ್ತೆ. ನೈಲಾನ್ ಅಗಲವಾಗಿ, ಮೆತ್ತಗೆ ಒತ್ತಿಸಿಕೊಳ್ಳುತ್ತೆ. ನೈಲಾನ್ ಗಿಟಾರಿನ ನೆಕ್ ಅಗಲ ಅನ್ನೋ ದೂರು ನಿಜ. ಸಿಎಸ್40ರ ನಟ್ 48 ಮಿ.ಮೀ., ಸ್ಟೀಲ್ ಗಿಟಾರುಗಳದ್ದು 43. ಆದರೆ ಶುರುವಲ್ಲಿ ಆ ಅಗಲ ಒಳ್ಳೇದೇ. ಒಂದು ತಂತಿ ಒತ್ತಿದ ಬೆರಳು ಪಕ್ಕದ ತಂತಿಗೆ ತಾಗಿ ಅದರ ದನಿ ಸಾಯೋದು ಕಡಿಮೆ.

ಬೇಲೂರು_ಕ್ರಾಸ್ (ಬೇಲೂರು)

ಸಿನಿಮಾ ಹಾಡು ಸ್ಟ್ರಮ್ ಮಾಡೋಕೆ (ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸೋಕೆ) ಸ್ಟೀಲೇ ಚಂದ ಅಲ್ವಾ? ಮಕ್ಕಳಿಗೆ ಯೂಟ್ಯೂಬಲ್ಲಿ ಕೇಳಿದ ಹಾಗೆ ಬರದಿದ್ದರೆ ಬೇಜಾರಾಗುತ್ತೆ. ಇನ್ನೊಂದು ಪ್ರಶ್ನೆ, ನನ್ನ ಮಗ ಎಡಚ, 8 ವರ್ಷ. ತಂತಿ ಉಲ್ಟಾ ಕಟ್ಟಿದರೆ ಸಾಕಾ?

ಆರು_ತಂತಿ

ಮೇಡಂ, ಸ್ಟ್ರಮ್ಮಿಂಗ್ ಆಸೆ ಇರೋ ಮಗುವಿಗೆ ಸ್ಟೀಲ್ ಕೊಡಿಸಬಾರದು ಅಂತ ನಾನು ಹೇಳಲ್ಲ. 10 ವರ್ಷ ದಾಟಿದ್ದರೆ, 570 ಮಿ.ಮೀ. ಸುತ್ತಮುತ್ತಲ ಸಣ್ಣ ಸ್ಕೇಲಿನದ್ದು ಸಿಕ್ಕರೆ, 10ರ ಸೆಟ್ ಹಾಕಿಸಿ ಕೊಡಿ. ಎಲೆಕ್ಟ್ರಿಕ್ ಕೂಡ ಆಗಬಹುದು. ಸ್ಕ್ವಯರ್ ಮಿನಿ, ಐಬನೆಜ್ ಮೈಕ್ರೊ ಥರದ ಚಿಕ್ಕ ಎಲೆಕ್ಟ್ರಿಕ್‌ಗಳಲ್ಲಿ ತಂತಿ ತೆಳು, ತೀರಾ ಹಗುರವಾಗಿ ಒತ್ತಿದರೂ ನುಡಿಯುತ್ತೆ. ಆದರೆ ಗಿಟಾರೇ ಮೂರು ಕೆ.ಜಿ. ಹತ್ತಿರ ತೂಗುತ್ತೆ, ಆ್ಯಂಪ್ ಬೇರೆ, ಕೇಬಲ್ ಬೇರೆ. 10 ಸಾವಿರದಲ್ಲಿ ಮುಗಿಯಲ್ಲ.

ಎಡಚರ ವಿಷಯ. ಸ್ಟೀಲ್ ಗಿಟಾರಲ್ಲಿ ತಂತಿ ಉಲ್ಟಾ ಕಟ್ಟೋ ಹಾಗಿಲ್ಲ. ಸ್ಯಾಡಲ್ ಓರೆಯಾಗಿರುತ್ತೆ, ದಪ್ಪ ತಂತಿಯ ಕಡೆ ಸ್ವಲ್ಪ ಹಿಂದಕ್ಕೆ. ತಿರುಗಿಸಿದರೆ ಆ ಓರೆ ತಪ್ಪು ಕಡೆಗೆ ಬಂದು ಮೇಲಿನ ಫ್ರೆಟ್‌ಗಳಲ್ಲಿ ಅಪಶ್ರುತಿ ಹೊಡೆಯುತ್ತೆ. ನೈಲಾನಿನಲ್ಲಿ ಸ್ಯಾಡಲ್ ಸಾಮಾನ್ಯವಾಗಿ ನೇರ ಇರೋದರಿಂದ ನಟ್ ಹೊಸದು ಮಾಡಿಸಿ, ಸ್ಯಾಡಲ್ಲಿನ ಎತ್ತರ ತಿದ್ದಿಸಿದರೆ ನಡೆಯುತ್ತೆ. ಮೊದಲು ಮಗನ ಕೈಗೆ ಮಾಮೂಲಿ ಗಿಟಾರ್ ಕೊಟ್ಟು ನೋಡಿ. ಎರಡೂ ಕೈಗೆ ಇದು ಹೊಸ ಕೆಲಸವೇ, ಹಾಗಾಗಿ ಎಷ್ಟೋ ಎಡಚ ಮಕ್ಕಳು ಹಾಗೇ ಕಲಿಯುತ್ತಾರೆ. ತಾಳ ಹಾಕೋ ಕೈ ಖಡಾಖಂಡಿತ ಎಡಗೈ ಅಂತಾದರೆ ಮಾತ್ರ ಬದಲಿಸಿ. ಎಡಗೈ ಮಾಡೆಲ್ ಮುಕ್ಕಾಲು ಸೈಜಲ್ಲಿ ನಮ್ಮ ಕಡೆ ಸಿಗೋದು ಅಪರೂಪ.

ಅರಸೀಕೆರೆ_ಜಂಕ್ಷನ್

ಲೆಕ್ಕ ನೋಡಿದ ಮೇಲೆ ನಾನೂ ಮುಕ್ಕಾಲು ಸೈಜ್ ಕಡೆಗೇ. ಆದರೆ ಆನ್‌ಲೈನಲ್ಲಿ ಬ್ಯಾಗು, ಪಿಕ್ಕು, ತಂತಿ, ಬೆಲ್ಟು ಎಲ್ಲ ಸೇರಿ ಮೂರು ಸಾವಿರಕ್ಕೆ ಬರ್ತಿದೆ. 38 ಇಂಚು ಅಂತ ಹಾಕಿದ್ದಾರೆ. ಅದೂ ಸಣ್ಣದೇ ಅಲ್ವಾ? ಹತ್ತು ಸಾವಿರ ಯಾಕೆ?

ಬೀಟೆ_ಮರ

38 ಇಂಚು ಅನ್ನೋದು ಗಿಟಾರಿನ ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಸ್ಕೇಲ್ ಎಷ್ಟು ಅಂತ ಅದರಿಂದ ತಿಳಿಯಲ್ಲ. 38 ಇಂಚಿನ ಎಷ್ಟೋ ಗಿಟಾರುಗಳ ಸ್ಕೇಲ್ 600 ಮಿ.ಮೀ. ದಾಟಿರುತ್ತೆ. ಕೇಳಬೇಕಾದ್ದು ಸ್ಕೇಲ್, ನಟ್‌ನ ಅಗಲ, ತಂತಿ ಯಾವುದು ಇಷ್ಟು. ಈ ಮೂರನ್ನು ಹೇಳದೆ ಬಣ್ಣದ ಹೆಸರು ಮಾತ್ರ ಹೇಳೋರ ಹತ್ತಿರ ಕೊಳ್ಳಬೇಡಿ.

ತೀರಾ ಅಗ್ಗದ್ದರಲ್ಲಿ ಕೆಡೋದು ಮರ ಅಲ್ಲ, ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ನಟ್. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಮಕ್ಕಳು ಗಿಟಾರ್ ಬಿಡೋದಕ್ಕೆ ಯಾರೂ ಗಮನಿಸದ ಕಾರಣ ಇದು.

ಕಾರ್ಖಾನೆಯಲ್ಲಿ ನಟ್‌ನ ಕಚ್ಚುಗಳನ್ನು ಬೇಕೆಂತಲೇ ಮೇಲೆ ಬಿಟ್ಟಿರುತ್ತಾರೆ. ಆಳ ಹೆಚ್ಚಾದರೆ ತಂತಿ ಝರ್ ಅನ್ನುತ್ತೆ, ಗಿರಾಕಿ ವಾಪಸ್ ತರ್ತಾನೆ. ಎತ್ತರ ಇದ್ದರೆ ಗಟ್ಟಿ ಅನ್ನಿಸುತ್ತೆ ಅಷ್ಟೇ, ಕಲಿಯೋರಿಗೆ ಗೊತ್ತಾಗಲ್ಲ. ಪರಿಣಾಮ ಮೊದಲ ಫ್ರೆಟ್ ಮೇಲೆ ಬೀಳುತ್ತೆ. ಅಲ್ಲಿ ಒತ್ತೋಕೆ ಎರಡು ಪಟ್ಟು ಬಲ ಬೇಕಾದ ಹಾಗೆ ಆಗುತ್ತೆ. ಜೊತೆಗೆ ತಂತಿ ಕೆಳಗೆ ಹೋಗಬೇಕಾದ ದೂರ ಹೆಚ್ಚಾಗಿ ಅದು ಹಿಗ್ಗುತ್ತೆ, ಸ್ವರ ಮೇಲೇರುತ್ತೆ. ಮಗು ಟ್ಯೂನರ್ ನೋಡಿ ಆರೂ ತಂತಿ ಸರಿಯಾಗಿ ಶ್ರುತಿ ಮಾಡಿರುತ್ತೆ, ಸಿ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಹಿಡಿದ ತಕ್ಷಣ ಅಪಶ್ರುತಿ. ಹಾಡಿ ಪಳಗಿದ ಕಿವಿಗೆ ಅದು ಕೂಡಲೇ ತಿಳಿಯುತ್ತೆ. ತನ್ನ ಬೆರಳೇ ಸರಿಯಿಲ್ಲ ಅಂದುಕೊಳ್ಳುತ್ತೆ ಮಗು.

ಪರೀಕ್ಷೆ ಸುಲಭ. ಎರಡನೇ ಮತ್ತು ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವೆ ನೋಡಿ. ಕೂದಲೆಳೆಯಷ್ಟು ಬೆಳಕು ಕಾಣಬೇಕು. ಅಲ್ಲಿ ವಿಸಿಟಿಂಗ್ ಕಾರ್ಡ್ ನುಗ್ಗಿದರೆ ನಟ್ ಎತ್ತರ ಇದೆ. ಏನೂ ಸಂದಿಲ್ಲದೆ ತಾಗಿಕೊಂಡಿದ್ದರೆ ತಗ್ಗಿದೆ, ಖಾಲಿ ತಂತಿ ಮೀಟಿದಾಗ ಝರ್ ಅನ್ನುತ್ತೆ. ಆರೂ ತಂತಿಗೆ ಹೀಗೆ ಮಾಡಿ.

ಎರಡನೇ ಅಳತೆ 12ನೇ ಫ್ರೆಟ್ ಹತ್ತಿರ. ಫ್ರೆಟ್‌ನ ನೆತ್ತಿಯಿಂದ ತಂತಿಯ ಅಡಿಯವರೆಗೆ ಎಷ್ಟು ಅಂತ. ನೈಲಾನಿಗೆ ಸಾಮಾನ್ಯವಾಗಿ ದಪ್ಪ ತಂತಿಯ ಕೆಳಗೆ 4 ಮಿ.ಮೀ., ಸಣ್ಣ ತಂತಿಯ ಕೆಳಗೆ 3 ಅಂತಾರೆ. ಮಕ್ಕಳಿಗೆ 3.5 ಮತ್ತು 2.8ಕ್ಕೆ ಇಳಿಸಿದರೆ ಒಳ್ಳೇದು, ಅವರು ಅಷ್ಟು ಜೋರಾಗಿ ಮೀಟಲ್ಲ, ಝರ್ ಅನ್ನೋ ಭಯವಿಲ್ಲ. ಸ್ಟೀಲಿಗೆ 2.4 ಮತ್ತು 1.8 ಹತ್ತಿರ. ಇಷ್ಟು ಸಣ್ಣ ಅಳತೆಗೆ ಸ್ಕೇಲ್ ಪಟ್ಟಿ ಸಾಲದಿದ್ದರೆ ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್ ಇರುತ್ತೆ, ಎಲೆಗಳನ್ನು ಜೋಡಿಸಿ ತೂರಿಸಿ ನೋಡಿ.

ಮೂರನೇದು, 12ನೇ ಫ್ರೆಟ್ ಮೇಲೆ ಬೆರಳು ಒತ್ತದೆ ಬರೀ ತಾಗಿಸಿ ಮೀಟಿದಾಗ ಬರೋ ಹಾರ್ಮೋನಿಕ್, ಅದೇ ಫ್ರೆಟ್ ಒತ್ತಿ ಬರೋ ಸ್ವರ, ಎರಡೂ ಒಂದೇ ಇರಬೇಕು. ಫೋನಿನ ಟ್ಯೂನರಲ್ಲಿ ನೋಡಿ. 5 ಸೆಂಟ್ಸ್‌ವರೆಗೆ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ) ವ್ಯತ್ಯಾಸ ಇದ್ದರೆ ಪರವಾಗಿಲ್ಲ, 15 ದಾಟಿದರೆ ಆ ಗಿಟಾರ್ ಅಲ್ಲೇ ಬಿಟ್ಟು ಬನ್ನಿ.

ಹತ್ತು ಸಾವಿರವೇ ಆಗಬೇಕು ಅಂತಿಲ್ಲ. ಐದಾರು ಸಾವಿರದ ಮುಕ್ಕಾಲು ಸೈಜ್ ನೈಲಾನ್ ಆರಿಸಿ, ಮಿಕ್ಕ ದುಡ್ಡಲ್ಲಿ ನಟ್, ಸ್ಯಾಡಲ್ ಸರಿ ಮಾಡಿಸಿ, ಒಳ್ಳೆ ತಂತಿ ಹಾಕಿಸಿದರೆ, ಏನೂ ಮುಟ್ಟದ ಹತ್ತು ಸಾವಿರದ ಗಿಟಾರಿಗಿಂತ ಅದು ಮಗುವಿನ ಕೈಗೆ ಹಿತ.

ಐದು_ಮನೆ_ಶ್ರುತಿ (ಚಿಕ್ಕಮಗಳೂರು, ಗಾಯನ ಶಿಕ್ಷಕಿ)

ಮಗು ಹಾಡ್ತಾಳೆ ಅಂದಿದ್ದಕ್ಕೆ ಬರೀತಿದ್ದೀನಿ. ಹಾಡು ಬರೋ ಮಕ್ಕಳಿಗೆ ಗಿಟಾರಿನ ಮೊದಲ ಪಾಠವನ್ನು ಇಂಗ್ಲಿಷ್ ಶಿಶುಗೀತೆಯಿಂದಲೇ ಶುರು ಮಾಡಬೇಕಿಲ್ಲ. ಸರಳೆ ವರಸೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಗಿಟಾರಿನ ಮೇಲೆ ಎಷ್ಟು ಚೆಂದ ಕೂರುತ್ತೆ ನೋಡಿ. ಮಾಯಾಮಾಳವಗೌಳ ರಾಗದಲ್ಲಿ:

ಐದನೇ ತಂತಿ, 3ನೇ ಫ್ರೆಟ್ ಸ, 4ನೇ ಫ್ರೆಟ್ ರಿ.
ನಾಲ್ಕನೇ ತಂತಿ, 2ನೇ ಫ್ರೆಟ್ ಗ, 3ನೇ ಫ್ರೆಟ್ ಮ.
ಮೂರನೇ ತಂತಿ ಖಾಲಿ ಪ, 1ನೇ ಫ್ರೆಟ್ ದ.
ಎರಡನೇ ತಂತಿ ಖಾಲಿ ನಿ, 1ನೇ ಫ್ರೆಟ್ ಮೇಲಿನ ಸ.

ಒಂದೊಂದು ತಂತಿಗೆ ಎರಡೆರಡೇ ಸ್ವರ, ಎಲ್ಲವೂ ಮೊದಲ ನಾಲ್ಕು ಫ್ರೆಟ್ ಒಳಗೆ. ಇದು ಒಂದು ಮನೆ ಶ್ರುತಿ. ಏಳನೇ ಫ್ರೆಟ್‌ಗೆ ಕ್ಯಾಪೊ ಹಾಕಿ ಇದೇ ಬೆರಳು ಹಾಕಿದರೆ ಐದು ಮನೆ ಶ್ರುತಿಗೆ ಬರುತ್ತೆ, ಅವಳು ಹಾಡೋ ಮಧ್ಯ ಸ್ಥಾಯಿಯ ಷಡ್ಜಕ್ಕೇ ಸರಿಯಾಗಿ. ಬಾಯಲ್ಲಿ ಹಾಡುತ್ತಾ ಕೈಯಲ್ಲಿ ನುಡಿಸಬಹುದು.

ಬರೀ ಶ್ರುತಿ ಬೇಕಾದರೆ ಕ್ಯಾಪೊ ಐದನೇ ಫ್ರೆಟ್‌ಗೆ. ಆಗ ನಾಲ್ಕನೇ ತಂತಿ ಖಾಲಿ ಮೀಟಿದರೆ ಐದು ಮನೆಯ ಷಡ್ಜ, ಐದನೇ ತಂತಿ ಅದರ ಕೆಳಗಿನ ಪಂಚಮ. ಹೆಬ್ಬೆರಳಲ್ಲಿ ಪ, ಸ, ಸ ಅಂತ ನಿಧಾನಕ್ಕೆ ಮೀಟುತ್ತಾ ಹಾಡಿಸಿ. ಭಾವಗೀತೆಗೆ ಕಾರ್ಡ್ ಹಾಕೋದಾದರೂ ಅದೇ ಜಾಗದಲ್ಲಿ ಡಿ, ಜಿ, ಎ7 ಆಕಾರಗಳು ಸಾಕಾಗುತ್ತವೆ.

ಆರು_ತಂತಿ

ಅಕ್ಕಾ, ಇದನ್ನು ನನ್ನ ಪಾಠಕ್ಕೆ ತಗೊಳ್ತೀನಿ. ಒಂದೇ ಎಚ್ಚರಿಕೆ, ನೈಲಾನ್ ಗಿಟಾರಿನ ಫ್ರೆಟ್‌ಬೋರ್ಡ್ ಚಪ್ಪಟೆ, ಹಾಗಾಗಿ ಕ್ಲಾಸಿಕಲ್ ಗಿಟಾರಿಗೆ ಅಂತ ಮಾಡಿದ ಚಪ್ಪಟೆ ಕ್ಯಾಪೊನೇ ಕೇಳಿ ತಗೊಳ್ಳಬೇಕು. ಸ್ಟೀಲ್ ಗಿಟಾರಿನ ಬಾಗಿದ ಕ್ಯಾಪೊ ಹಾಕಿದರೆ ಹೊರಗಿನ ತಂತಿಗಳಿಗೂ ನಡುವಿನವಕ್ಕೂ ಒತ್ತಡ ಒಂದೇ ಸಮ ಬೀಳಲ್ಲ, ಒಂದೊಂದು ತಂತಿ ಸತ್ತ ದನಿ ಕೊಡುತ್ತೆ.

ಕೂರೋ ರೀತಿಗೆ ಕಾಲುಮಣೆ ಬೇಕು. ಎಡಪಾದದ ಕೆಳಗೆ 10ರಿಂದ 15 ಸೆಂ.ಮೀ. ಎತ್ತರ. ಮನೆಯಲ್ಲಿ ಊಟದ ಮಣೆ ಇದ್ದರೆ ಎರಡು ಒಂದರ ಮೇಲೊಂದು ಇಟ್ಟು, ಜಾರದ ಹಾಗೆ ನಡುವೆ ಗೋಣಿ ತುಂಡು ಹಾಕಿ. ಮೊದಲ ತಿಂಗಳು ದಿನಕ್ಕೆ 10 ನಿಮಿಷದಂತೆ ಎರಡು ಹೊತ್ತು ಸಾಕು. ಎಫ್ ಕಾರ್ಡ್‌ನ ಬ್ಯಾರೆ (ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತೋದು) ಈ ವಯಸ್ಸಿಗೆ ಕೇಳಲೇಬೇಡಿ.

ಮಲ್ಲಂದೂರು_ರಸ್ತೆ

ಸರಳೆ ವರಸೆಯ ವಿಷಯ ಮಗಳಿಗೆ ಓದಿ ಹೇಳಿದೆ, ಈಗಲೇ ಬೇಕು ಅಂತಿದ್ದಾಳೆ. ಮುಕ್ಕಾಲು ಸೈಜ್ ನೈಲಾನ್ ಅಂತ ತೀರ್ಮಾನ ಆಯ್ತು. ಒಂದು ಸೆಕೆಂಡ್ ಹ್ಯಾಂಡ್ ಕೂಡ ನೋಡೋಕೆ ಸಿಗ್ತಿದೆ. ಏನೇನು ನೋಡಬೇಕು? ಮಳೆಗಾಲದ ಪ್ರಶ್ನೆಗೂ ಯಾರಾದರೂ ಉತ್ತರ ಕೊಡಿ.

ಹೇಮೆ_ಹೊಳೆ

ಸೆಕೆಂಡ್ ಹ್ಯಾಂಡ್ ನೋಡುವಾಗ ಬ್ರಿಡ್ಜ್‌ನ ಹಿಂಬದಿ ಅಂಚಿಗೆ ಒಂದು ತೆಳು ಕಾಗದ ತೂರಿಸಿ. ಒಳಗೆ ಹೋದರೆ ಅಂಟು ಬಿಡ್ತಾ ಇದೆ. ತಲೆಯ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿಕೊಂಡಿದ್ದರೆ ಬೇಡ. ಹಲಗೆಯನ್ನು ಬೆರಳ ಗೆಣ್ಣಲ್ಲಿ ಅಲ್ಲಲ್ಲಿ ತಟ್ಟಿ, ಎಲ್ಲಾದರೂ ಗರಗರ ಅಂದರೆ ಒಳಗಿನ ಪಟ್ಟಿ ಸಡಿಲ ಆಗಿದೆ. ಬಿರಡೆ ಆರೂ ನುಣ್ಣಗೆ ತಿರುಗಬೇಕು. ಸೌಂಡ್ ಹೋಲ್ ಹತ್ತಿರ ಮೂಗು ಇಟ್ಟು ನೋಡಿ, ಬೂಸಲು ವಾಸನೆ ಬಂದರೆ ಮಳೆಗಾಲ ಒಂದು ಮೂಲೆಯಲ್ಲೇ ಕಳೆದಿದೆ ಅಂತ ಅರ್ಥ. ನೆಕ್ ಬಾಡಿಗೆ ಸೇರೋ ಜಾಗದಲ್ಲಿ ಗೆರೆ ಬಿಟ್ಟಿದ್ದರೆ ಅರ್ಧ ಬೆಲೆಗೂ ಬೇಡ.

ಬೀಟೆ_ಮರ

ಮಳೆಗಾಲ. ಇದು ನಮ್ಮ ಸೀಮೆಯ ದೊಡ್ಡ ಪ್ರಶ್ನೆ.

ಗಿಟಾರಿಗೆ ಹಿತವಾದ ತೇವಾಂಶ ಶೇ. 45ರಿಂದ 55. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜುಲೈನಲ್ಲಿ ಮನೆಯೊಳಗೇ ಅದು ಎಷ್ಟೋ ಮೇಲಿರುತ್ತೆ. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತೆ. ಮುಂದಿನ ಹಲಗೆ ಉಬ್ಬಿ ಬ್ರಿಡ್ಜ್ ಮೇಲೇಳುತ್ತೆ, ಬೇಸಿಗೆಯಲ್ಲಿ ಸರಿಯಿದ್ದ ಆ್ಯಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಆಗಸ್ಟ್ ಹೊತ್ತಿಗೆ ಎತ್ತರ ಆಗಿರುತ್ತೆ. ದನಿ ಮಂಕಾಗುತ್ತೆ. ಮಾರ್ಚ್‌ನಲ್ಲಿ, ಅದರಲ್ಲೂ ಅರಸೀಕೆರೆ, ಕಡೂರಿನಂಥ ಒಣ ಬಯಲಲ್ಲಿ, ಇದರ ತಿರುವುಮುರುವು. ಫ್ರೆಟ್‌ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಹೊರಗೆ ಚಾಚಿ ಅಂಗೈಗೆ ಗೀರುತ್ತೆ.

ಆದ್ದರಿಂದ ನಿಮಗೆ ಲ್ಯಾಮಿನೇಟ್ ಹಲಗೆಯದ್ದೇ ಸೂಕ್ತ. ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರೋದರಿಂದ ಹಿಗ್ಗುಕುಗ್ಗು ಕಡಿಮೆ. ಸಾಲಿಡ್ ಟಾಪ್ (ಪದರವಿಲ್ಲದ ಗಟ್ಟಿ ಮರದ ಹಲಗೆ) ದನಿ ಚೆನ್ನಾಗಿರೋದು ಹೌದು, ಅದನ್ನು ಕಾಪಾಡೋ ಶಿಸ್ತು ಮಗುವಿಗೆ ಈಗಲೇ ಬೇಡ. ನೈಲಾನಿಗೆ ಇನ್ನೊಂದು ಅನುಕೂಲ, ಸಣ್ಣ ಮೂರು ತಂತಿ ತುಕ್ಕು ಹಿಡಿಯಲ್ಲ. ದಪ್ಪ ಮೂರರ ಮೇಲೆ ಸುತ್ತಿದ ಲೋಹ ಮಾತ್ರ ಕಪ್ಪಾಗುತ್ತೆ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಸ್ಟೀಲ್ ತಂತಿ ನಮ್ಮಲ್ಲಿ ಮಳೆಗಾಲಕ್ಕೆ ತಿಂಗಳಲ್ಲೇ ಒರಟಾಗುತ್ತೆ.

ಇಡೋ ಜಾಗ. ಹೊರಗೋಡೆಗೆ ಒರಗಿಸಬೇಡಿ, ಮೊಳೆಗೂ ತೂಗುಹಾಕಬೇಡಿ, ಆ ಗೋಡೆ ತೇವ ಕುಡಿದಿರುತ್ತೆ. ಒಳಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ ಇರಲಿ. ಬಚ್ಚಲೊಲೆಯ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡೋದು ತೀರಾ ಕೆಟ್ಟದ್ದು, ಶಾಖಕ್ಕೆ ಅಂಟು ಮೆತ್ತಗಾಗಿ ಬ್ರಿಡ್ಜ್ ಜಾರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರೂ ಅಷ್ಟೇ.

ದಪ್ಪ ಬ್ಯಾಗ್ ಅಥವಾ ಕೇಸ್ ಒಳಗೆ 100 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿ ಇಡಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ, ತೇವ ತುಂಬಿದಾಗ ಹಸಿರಾಗುತ್ತೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ವಿಷ, ಮಕ್ಕಳಿರೋ ಮನೆಗೆ ಬೇಡ. ಅಕ್ಕಿ ಕಟ್ಟಿಡೋರು ಇದ್ದಾರೆ, ಅದು ಎಳೆಯೋ ತೇವ ಏನೇನೂ ಸಾಲದು, ಹುಳ ಮಾತ್ರ ಬರುತ್ತೆ. ಚಿಕ್ಕ ಡಿಜಿಟಲ್ ತೇವಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಕೇಸಿನಲ್ಲಿ ಇಟ್ಟರೆ ಊಹೆ ಮಾಡೋದು ತಪ್ಪುತ್ತೆ. ಮಳೆಯಲ್ಲಿ ಕ್ಲಾಸಿಗೆ ಹೋಗಿ ಬಂದು ಬ್ಯಾಗ್ ಒದ್ದೆಯಾಗಿದ್ದರೆ ಗಿಟಾರ್ ಹೊರಗೆ ತೆಗೆದು, ಬ್ಯಾಗ್ ಪೂರ್ತಿ ಒಣಗಿದ ಮೇಲೇ ಒಳಗಿಡಿ.

ಎಲ್ಲಕ್ಕಿಂತ ಒಳ್ಳೆ ಔಷಧಿ ದಿನಾ ನುಡಿಸೋದು. ದಿನಾ ಕೈಗೆ ಬರೋ ಗಿಟಾರಿಗೆ ಬೂಸಲು ಹಿಡಿಯೋದು ನಾನು ಕಂಡಿಲ್ಲ.

ಒಂದು ಮಾತು ಸಂಬಂಧವಿಲ್ಲದಿದ್ದರೂ ಹೇಳ್ತೀನಿ. ನಿಮ್ಮ ತೋಟದ ನೆರಳಿಗಿರೋ ಬೀಟೆ ಮರ ಇದೆಯಲ್ಲ, ಜಗತ್ತಿನ ಎಷ್ಟೋ ದೊಡ್ಡ ಗಿಟಾರ್ ಕಂಪನಿಗಳು ಅದನ್ನು ಬೆನ್ನಿಗೆ, ಪಕ್ಕಕ್ಕೆ ಬಳಸುತ್ತವೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇದೆ, ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಮಗಳಿಗೆ ಆ ಮರ ತೋರಿಸಿ.

ಬೇಲೂರು_ಕ್ರಾಸ್

ತಂತಿ ಎಷ್ಟು ದಿನಕ್ಕೆ ಬದಲಿಸಬೇಕು? ನೈಲಾನ್ ಕಟ್ಟಿದರೆ ಜಾರಿ ಜಾರಿ ಶ್ರುತಿ ಇಳಿಯುತ್ತೆ ಅಂತಾರೆ.

ಹೇಮೆ_ಹೊಳೆ

ಮಗು ನುಡಿಸೋದಕ್ಕೆ ಆರು ತಿಂಗಳಿಗೊಂದು ಸೆಟ್ ಸಾಕು. ಹೊಸ ನೈಲಾನ್ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತೆ, ಅದು ಜಾರೋದಲ್ಲ. ದಿನಾ ಎರಡು ಸಲ ಶ್ರುತಿ ಮಾಡಿದರೆ ನಿಲ್ಲುತ್ತೆ. ನಿಜವಾಗಿ ಜಾರೋದು ಬ್ರಿಡ್ಜ್‌ನ ಗಂಟು ಸಡಿಲ ಇದ್ದಾಗ. ಸಣ್ಣ ಮೂರು ತಂತಿಗೆ ಕುಣಿಕೆಯ ಒಳಗೆ ಮೂರು ಸುತ್ತು, ದಪ್ಪ ಮೂರಕ್ಕೆ ಒಂದೆರಡು. ಕೊನೆಯ ಸುತ್ತು ಬ್ರಿಡ್ಜ್‌ನ ಹಿಂದಿನ ಅಂಚಿನ ಕೆಳಗೆ ಬರಬೇಕು, ಮೇಲೆ ನಿಂತರೆ ಬಿಚ್ಚಿಕೊಂಡು ಹಲಗೆಗೆ ಚಾಟಿ ಹೊಡೆದ ಹಾಗೆ ಬಡಿಯುತ್ತೆ. ಒಂದೊಂದೇ ತಂತಿ ಬಿಚ್ಚಿ ಕಟ್ಟಿ, ಆರನ್ನೂ ಒಟ್ಟಿಗೆ ತೆಗೆಯಬೇಡಿ.

ಮಲ್ಲಂದೂರು_ರಸ್ತೆ

ಸೆಕೆಂಡ್ ಹ್ಯಾಂಡ್ ಬೇಡ ಅಂತಾಯ್ತು, ಬ್ರಿಡ್ಜ್ ಕೆಳಗೆ ಕಾಗದ ಹೋಯ್ತು. ಅಂಗಡಿಯಲ್ಲಿ ಹೊಸ ಮುಕ್ಕಾಲು ಸೈಜ್ ನೈಲಾನ್ ನೋಡಿದೆವು. ಸ್ಕೇಲ್ 580, ಕೂರಿಸಿ ನೋಡಿದಾಗ ನಾಲ್ಕೂ ಬೆರಳು ಕೂತವು. 12ನೇ ಫ್ರೆಟ್‌ನಲ್ಲಿ ದಪ್ಪ ತಂತಿ 4.5 ಮಿ.ಮೀ., ಸಣ್ಣದು 3.8. ಮೊದಲ ಫ್ರೆಟ್ ಪರೀಕ್ಷೆಯಲ್ಲಿ ಮೂರು ತಂತಿಗೆ ವಿಸಿಟಿಂಗ್ ಕಾರ್ಡ್ ನುಗ್ಗಿತು. ಹಾರ್ಮೋನಿಕ್ ವ್ಯತ್ಯಾಸ 4 ಸೆಂಟ್ಸ್ ಒಳಗೇ ಇದೆ. ತಗೊಳ್ಳಬಹುದಾ? ರಿಪೇರಿಗೆ ಬೆಂಗಳೂರಿಗೆ ಕಳಿಸಬೇಕಾ?

ಬೀಟೆ_ಮರ

ತಗೊಳ್ಳಿ ಸರ್. ಎರಡೂ ಸಣ್ಣ ಕೆಲಸ, ಕೈ ನಿಧಾನ ಇರೋ ಯಾರಾದರೂ ಮನೆಯಲ್ಲೇ ಮಾಡಬಹುದು. ನಟ್ ಮೊದಲು, ಸ್ಯಾಡಲ್ ಆಮೇಲೆ.

ನಟ್‌ಗೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ಯಾಸ್ ವೆಲ್ಡಿಂಗ್ ನಾಜಲ್ ಕ್ಲೀನರ್ ಸೆಟ್ ಕೇಳಿ, ಬೇರೆ ಬೇರೆ ದಪ್ಪದ ಗರಗಸದ ಹಾಗಿರೋ ಕಡ್ಡಿಗಳು ಇರುತ್ತವೆ. ತಂತಿಗಿಂತ ಕೂದಲೆಳೆ ದಪ್ಪದ ಕಡ್ಡಿ ಆರಿಸಿ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಕಡ್ಡಿಯನ್ನು ತಲೆಯ ಕಡೆಗೆ ಸ್ವಲ್ಪ ಇಳಿಜಾರಾಗಿ ಹಿಡಿದು ನಾಲ್ಕೈದು ಸಲ ಉಜ್ಜಿ. ತಂತಿ ವಾಪಸ್ ಕೂರಿಸಿ, ಶ್ರುತಿಗೆ ತಂದು, ಮತ್ತೆ ಮೊದಲ ಫ್ರೆಟ್ ಪರೀಕ್ಷೆ ಮಾಡಿ. ಮತ್ತೆ ನಾಲ್ಕೈದು ಉಜ್ಜು. ಕೂದಲೆಳೆ ಸಂದು ಉಳಿದಾಗ ನಿಲ್ಲಿಸಿಬಿಡಿ. ಆಳ ಹೆಚ್ಚಾಗಿ ಝರ್ ಅಂದರೆ ಕಚ್ಚಿನೊಳಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಮೇಲೊಂದು ಹನಿ ಫೆವಿಕ್ವಿಕ್ ಬಿಡಿ. ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಮತ್ತೆ ಕೊರೆಯಬಹುದು. ಫೆವಿಕ್ವಿಕ್ ಫ್ರೆಟ್‌ಬೋರ್ಡ್‌ಗೆ ಹರಿಯದ ಹಾಗೆ ಅಕ್ಕಪಕ್ಕ ಟೇಪ್ ಅಂಟಿಸಿಕೊಳ್ಳಿ.

ಸ್ಯಾಡಲ್‌ಗೆ, ತಂತಿ ಸಡಿಲಿಸಿ ಅದನ್ನು ಎಳೆದು ತೆಗೆಯಿರಿ, ಯಾವ ತುದಿ ಯಾವ ಕಡೆ ಅಂತ ಪೆನ್ಸಿಲಲ್ಲಿ ಗುರುತು ಹಾಕಿ. 12ನೇ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ಲಿಂದ 2 ಮಿ.ಮೀ. ತೆಗೆಯಬೇಕು, ಏಕೆಂದರೆ 12ನೇ ಫ್ರೆಟ್ ತಂತಿಯ ಸರಿಯಾದ ಅರ್ಧದಲ್ಲಿದೆ. ನಿಮ್ಮದರಲ್ಲಿ ಎರಡೂ ಕಡೆ 1 ಮಿ.ಮೀ. ಇಳಿಸಿದರೆ 3.5, 2.8 ಆಗುತ್ತೆ. ಆದರೆ ನಟ್ ಇಳಿಸಿದ್ದರಿಂದಲೇ ಅಲ್ಲಿ ಸ್ವಲ್ಪ ಕಡಿಮೆಯಾಗಿರುತ್ತೆ, ಹಾಗಾಗಿ ನಟ್ ಕೆಲಸ ಮುಗಿಸಿ ಮತ್ತೊಮ್ಮೆ ಅಳೆದು ಲೆಕ್ಕ ಹಾಕಿ. ಸ್ಯಾಡಲ್ಲಿನ ತಳದಲ್ಲಿ ಗೆರೆ ಎಳೆದು, ಗಾಜಿನ ಮೇಲೆ 220 ನಂಬರ್ ಉಪ್ಪುಕಾಗದ ಹರಡಿ, ತಳವನ್ನು ನೇರ ನಿಲ್ಲಿಸಿ ಉಜ್ಜಿ, ಕೊನೆಗೆ 400. ತಳ ಸೊಟ್ಟಗಾದರೆ ದನಿ ಕೆಡುತ್ತೆ. ಮೇಲ್ಭಾಗ ಮುಟ್ಟಬೇಡಿ. ಬ್ರಿಡ್ಜ್‌ನಿಂದ ಸ್ಯಾಡಲ್ 2 ಮಿ.ಮೀ. ಆದರೂ ಮೇಲೆ ನಿಲ್ಲಲೇಬೇಕು.

ಗೆರೆಗಿಂತ ಅರ್ಧ ಮಿಲಿಮೀಟರ್ ಮೊದಲೇ ನಿಲ್ಲಿಸಿ, ತಂತಿ ಕಟ್ಟಿ ಎರಡು ದಿನ ಮಗಳು ನುಡಿಸಲಿ. ಉಳಿದದ್ದನ್ನು ಜುಲೈನಲ್ಲಿ, ಹಲಗೆ ತೇವ ಕುಡಿದು ಎಷ್ಟು ಏರುತ್ತೆ ನೋಡಿಕೊಂಡು ತೆಗೆಯಿರಿ. ಗಿಟಾರಿನಲ್ಲಿರೋ ಸ್ಯಾಡಲ್ ಅಲ್ಲದೆ ಇನ್ನೊಂದು ಬಿಡಿ ಸ್ಯಾಡಲ್ ಅಂಗಡಿಯವರ ಹತ್ತಿರ ಈಗಲೇ ಕೇಳಿ ತಗೊಂಡಿಡಿ, ಮಾರ್ಚ್‌ನ ಒಣ ಹವೆಗೆ ಎತ್ತರದ್ದು ಬೇಕಾಗಬಹುದು.